ಬೀರುವಿನ ಹಿಂದಿನ ಗೋಡೆ

ಅವರ ಬಲಗೈಯ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗಿತ್ತು, ಕಪ್ಪಗೆ ಜಡ್ಡುಗಟ್ಟಿತ್ತು. ತಟ್ಟಿ ತಟ್ಟಿ ಹಾಗಾಗಿತ್ತು. ತೆಂಗಿನಕಾಯಿ, ಕುಂಬಳಕಾಯಿ, ಹಲಸಿನಹಣ್ಣು, ಮಣ್ಣಿನ ಕುಂಡ, ಬಡಗಿ ತಂದಿಟ್ಟ ಬಾಗಿಲ ಹಲಗೆ, ಯಾವುದೇ ಆಗಲಿ, ಅವರು ಆ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡು, ಆಮೇಲೆಯೇ ಬೆಲೆ ವಿಚಾರಿಸುತ್ತಿದ್ದರು. ಗಾಂಧಿ ಬಜಾರಿನಲ್ಲಿ ಕಾಯಿ ಮಾರುವವನು ಅವರನ್ನು ದೂರದಿಂದ ಕಂಡರೇ ಸಾಕು, "ಬಂದ್ರಪ್ಪಾ ಡಾಕ್ಟ್ರಮ್ಮ, ಎಲ್ಲಾ ಕಾಯಿಗೂ ಎದೆ ಬಡಿತ ನೋಡ್ತಾರೆ" ಎನ್ನುತ್ತಿದ್ದ. ಅವರು ನಗುತ್ತಲೇ ಇರಲಿಲ್ಲ. "ನಿನ್ ಕಾಯಿಗೆ ಹುಷಾರಿಲ್ಲ ಕಣಪ್ಪ, ಬೇರೆ ತೋರ್ಸು" ಎಂದು ಬುಟ್ಟಿಯ ತಳಕ್ಕೆ ಕೈ ಹಾಕುತ್ತಿದ್ದರು.

ಶ್ರೀನಗರದಲ್ಲಿ ನಾವಿದ್ದ ಮನೆಯ ಮಾಲೀಕರು ಅವರು. ಮೇಲಿನ ಮಹಡಿಯಲ್ಲಿ ಅವರೊಬ್ಬರೇ, ಕೆಳಗೆ ಬಾಡಿಗೆಗೆ ನಾನು, ನನ್ನ ಯಜಮಾನರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಇಂದು ನಾಲ್ಕು ಜನರ ಮುಂದೆ ನಿಂತು ವ್ಯಾಪಾರ ಮಾಡುವ ಧೈರ್ಯ ನನಗಿದ್ದರೆ ಅದು ಅವರು ಕೊಟ್ಟದ್ದು. ಇಂದು ಯಾರನ್ನೂ ಪೂರ್ತಿಯಾಗಿ ನಂಬದ ಬುದ್ಧಿ ಇದ್ದರೆ ಅದೂ ಅವರು ಕೊಟ್ಟದ್ದೇ.

ಮನೆ ನೋಡಲು ಹೋದ ದಿನ ಚೆನ್ನಾಗಿ ನೆನಪಿದೆ. ಆಗಷ್ಟೇ ಬಣ್ಣ ಬಳಿದಿದ್ದರು, ಮನೆಯೆಲ್ಲ ಹೊಸ ಡಿಸ್ಟೆಂಪರಿನ ವಾಸನೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಒಂದು ಸ್ಟೀಲ್ ಬೀರು ನಿಂತಿತ್ತು, ಎತ್ತರಕ್ಕೆ, ಬಾಗಿಲಲ್ಲಿ ಕನ್ನಡಿ. ಬಾಡಿಗೆ ಇಳಿಸಿ ಎಂದು ನಾನು ಪಟ್ಟು ಹಿಡಿದೆ, ಅವರು ಜಗ್ಗಲಿಲ್ಲ. ಕೊನೆಗೆ ನಾನು ಬೇರೆ ದಾರಿ ಹಿಡಿದೆ.

"ಆಯ್ತು ಆಂಟಿ, ಬಾಡಿಗೆ ನಿಮ್ಮ ಮಾತೇ ಆಗ್ಲಿ. ಆದ್ರೆ ಬೀರು ಇಲ್ಲೇ ಬಿಡಿ."

ಅವರು ಬೀರುವಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಿಟ್ಟುಸಿರು ಬಿಟ್ಟರು.

"ಸೋತೆ ಕಣಮ್ಮ ನಿನಗೆ. ಇಟ್ಕೋ. ಆದ್ರೆ ಜಾಗ ಬದಲಾಯಿಸ್ಬೇಡ. ಕಾಲು ಲೂಸಾಗಿದೆ, ಅಲ್ಲಾಡಿಸಿದ್ರೆ ಬಾಗ್ಲು ಕೂರಲ್ಲ."

ಹಾಲುಕ್ಕಿಸುವ ದಿನ ನೋಡಿದರೆ ಬೀರುವಿನ ಒಳಗೆಲ್ಲ ಹೂಹೂವಿನ ಕಾಗದ ಅಂಟಿಸಿ ಚಂದ ಮಾಡಿಟ್ಟಿದ್ದರು. ಎಂಥ ಮನಸ್ಸು ಎಂದುಕೊಂಡೆ. ಬಾಡಿಗೆ ಇಳಿಸದವರ ಕೈಯಿಂದ ಬೀರು ಕಿತ್ತುಕೊಂಡೆ ಎಂದು ತವರಿಗೆ ಫೋನು ಮಾಡಿ ಕೊಚ್ಚಿಕೊಂಡೆ. ನನ್ನ ಯಜಮಾನರು ಮಾತ್ರ, "ಅವ್ರು ಇಷ್ಟು ಸುಲಭಕ್ಕೆ ಸೋಲೋರ ಥರ ಕಾಣ್ಸಲ್ಲ" ಎಂದರು. "ನಿಮಗೇನ್ ಗೊತ್ತು ಚೌಕಾಸಿ" ಎಂದು ಬಾಯಿ ಮುಚ್ಚಿಸಿದೆ.

ಸೀರೆ ಸೆರಗಿಗೆ ಕುಚ್ಚು ಹಾಕುವುದು ನನ್ನ ಕಸುಬು. ಆ ಮನೆಗೆ ಬಂದಾಗ ಅದು ಬರೀ ಹವ್ಯಾಸವಾಗಿತ್ತು. ನಾನು ಬಾಗಿಲಲ್ಲಿ ಕೂತು ದಾರ ಗಂಟು ಹಾಕುವುದನ್ನು ಮೆಟ್ಟಿಲಿಳಿಯುತ್ತ ನೋಡಿದ ಆಂಟಿ, ಕೈಯಲ್ಲಿ ಹಿಡಿದು, ತಿರುಗಿಸಿ, ಎಳೆದು ನೋಡಿದರು. "ಇಷ್ಟು ಗಟ್ಟಿ ಗಂಟು ಹಾಕ್ತೀಯ, ಸುಮ್ನೆ ಅಕ್ಕತಂಗೀರಿಗೆ ಮಾಡ್ಕೊಟ್ರೆ ಏನು ಬಂತು?" ಎಂದರು. ಮುಂದಿನ ವಾರವೇ ಅವರ ಭಜನೆ ಮಂಡಳಿಯವರ ಸೀರೆಗಳು ನನ್ನ ಮಡಿಲಿಗೆ ಬಂದು ಬಿದ್ದವು. ಚಿಕ್ಕಪೇಟೆಗೆ ದಾರ ಕೊಳ್ಳಲು ಅವರೇ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಪಾಠ.

"ಮೊದ್ಲು ನೀನು ಬೆಲೆ ಹೇಳ್ಬೇಡ. ಮೊದ್ಲು ಹೇಳಿದೋರು ಸೋತ್ರು ಅಂತ ಲೆಕ್ಕ."

"ಅವ್ರೂ ಹೇಳ್ದೆ ಇದ್ರೆ ಆಂಟಿ?"

"ನೀರು ಕೇಳು. ನೀರು ಕುಡಿಯೋವರ್ಗೂ ಯಾರೂ ಸುಮ್ನಿರಲ್ಲ, ಏನಾದ್ರೂ ಬಾಯಿಬಿಡ್ತಾರೆ."

ಇನ್ನೊಂದು ಮಾತನ್ನು ಅವರು ಹೇಳದ ದಿನವಿರಲಿಲ್ಲ: "ವ್ಯಾಪಾರದಲ್ಲಿ ಮುಖ ನೋಡ್ಬೇಡ ಕಣೇ, ಮಾಲು ನೋಡು. ಮುಖ ಸುಳ್ಳು ಹೇಳುತ್ತೆ." ತೆಂಗಿನಕಾಯಿ ತಟ್ಟಲು ಕಲಿಸಿದ್ದೂ ಅವರೇ. ನನ್ನ ಬೆರಳು ಹಿಡಿದು ತಟ್ಟಿಸಿ, "ಕೇಳಿಸ್ತಾ? ಇದು ಗಟ್ಟಿ. ಇದು ನೋಡು, ಬದ್ ಅಂತು, ಒಳಗೆ ಹಾಳಾಗಿದೆ" ಎನ್ನುವರು. ನನ್ನ ಬಸುರಿನಲ್ಲಿ ವಾಂತಿಯಾಗಿ ಮಲಗಿದಾಗ ಗೊಜ್ಜವಲಕ್ಕಿ ಕಲಸಿ ತಂದು, ನಾನು ತಿನ್ನುವವರೆಗೂ ಮಂಚದ ತುದಿಯಲ್ಲಿ ಕೂತಿದ್ದರು. ಆ ಮಗು ಉಳಿಯಲಿಲ್ಲ. ಆಗ ನನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ದೂ ಅವರೇ. ಇದನ್ನೆಲ್ಲ ಬರೆಯದೆ ಹೋದರೆ ನಾನೂ ಮೋಸ ಮಾಡಿದಂತಾಗುತ್ತದೆ.

ಮಳೆಗಾಲ ಬಂದಾಗ ಕೋಣೆಯಲ್ಲಿ ವಾಸನೆ ಶುರುವಾಯಿತು. ಹಳೆಯ ಚೀಲ ಬಿಚ್ಚಿದಂಥ ವಾಸನೆ. ಮೊದಲು ಚಪ್ಪಲಿಯ ಮೇಲೆ, ಆಮೇಲೆ ಯಜಮಾನರ ಬೆಲ್ಟಿನ ಮೇಲೆ, ಆಮೇಲೆ ಚಾವಣಿಯ ಮೂಲೆಯಲ್ಲಿ ಬೂಷ್ಟು ಕಾಣಿಸಿಕೊಂಡಿತು. ಆಂಟಿಯನ್ನು ಕರೆದೆ. ಬಂದು ಮೂಗರಳಿಸಿದರು, ಕುಕ್ಕರಿನ ಕಡೆ ನೋಡಿದರು, ಒಳಗೆ ಒಣಗಲು ಹಾಕಿದ್ದ ಟವೆಲ್ ಎಳೆದರು.

"ಇದೇ ನೋಡು. ಒದ್ದೆ ಬಟ್ಟೆ ಒಳಗೆ ಒಣಗಿಸ್ತೀಯ, ಕಿಟಕಿ ತೆಗೆಯಲ್ಲ. ಬೂಷ್ಟು ಬರ್ದೆ ಇನ್ನೇನು ಮಲ್ಲಿಗೆ ಬರುತ್ತಾ?"

ನಂಬಿದೆ. ಬಟ್ಟೆಯನ್ನು ತಾರಸಿಗೆ ಸಾಗಿಸಿದೆ. ಜಡಿಮಳೆಯಲ್ಲೂ ಕಿಟಕಿ ತೆರೆದಿಟ್ಟು ಸೊಳ್ಳೆ ಸಾಕಿದೆ. ಬೀರುವಿನಲ್ಲಿ ಕರ್ಪೂರ, ಬೇವಿನ ಎಲೆ, ಇದ್ದಿಲಿನ ಗಂಟು ಇಟ್ಟೆ. ಗೋಡೆಗೆ ವಿನಿಗರ್ ಹಚ್ಚಿ ಒರೆಸಿದೆ. ಹೋಗುತ್ತಿತ್ತು, ಬರುತ್ತಿತ್ತು. ಬಂದಾಗಲೆಲ್ಲ ನನಗೇ ನಾಚಿಕೆ, ಮನೆ ಚೊಕ್ಕಟವಾಗಿಡಲು ಬಾರದವಳು ಎಂದು.

ಆಗ ನನಗೆ ಗೊತ್ತಿರದ ಒಂದು ಉಪಾಯ ಈಗ ನಿಮಗೆ ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ಬೂಷ್ಟು ಬಂದ ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಬೆವೆತಿದ್ದರೆ ತೇವ ನಿಮ್ಮ ಕೋಣೆಯ ಆವಿಯದು, ಕಿಟಕಿ ತೆಗೆಯಿರಿ. ಹಾಳೆಯ ಹಿಂದೆ ನೀರಾಡಿದ್ದರೆ ಅದು ಗೋಡೆಯೊಳಗಿಂದ ಬಂದದ್ದು. ಕರ್ಪೂರ ಸುಟ್ಟರೂ ಹೋಗುವುದಿಲ್ಲ, ಬಣ್ಣ ಬಳಿದರೂ ಹೋಗುವುದಿಲ್ಲ. ನೀರು ಬರುವ ದಾರಿ ಮುಚ್ಚದೆ ಬಣ್ಣಕ್ಕೆ ಖರ್ಚು ಮಾಡುವುದು ಜ್ವರ ಬಂದವರ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಇನ್ನು ಬೂಷ್ಟನ್ನು ಒಣಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಎದ್ದು ಎದೆಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಮಾಡಿ ಒರೆಸಿ.

ಆ ವರ್ಷ ಆಷಾಢ ಕಳೆದು ಮದುವೆಗಳ ಓಡಾಟ ಶುರುವಾಗಿತ್ತು. ಜಯನಗರದ ಒಬ್ಬ ನಿವೃತ್ತ ಮೇಡಂ, ಆಂಟಿಯ ಭಜನೆ ಗೆಳತಿ, ಒಂದು ಸೀರೆ ತಂದರು. ಅವರ ಅತ್ತೆ ಧಾರೆಗೆ ಉಟ್ಟಿದ್ದ ಸೀರೆ. ಮಾವಿನ ಚಿಗುರಿನ ಬಣ್ಣ, ಅಂಚಿನ ತುಂಬ ಹಳೆಯ ಕಾಲದ ಜರಿ. ಮೊಮ್ಮಗಳು ಅದನ್ನೇ ಉಟ್ಟು ಹಸೆಮಣೆ ಏರುವುದೆಂದು ಗೊತ್ತಾಗಿತ್ತು. "ಹುಷಾರಮ್ಮ, ಇದೊಂದೇ ಉಳಿದಿರೋದು" ಎಂದು ಎರಡೂ ಕೈಯಿಂದ ಕೊಟ್ಟರು. ನಾನು ಜೀವ ಕೈಯಲ್ಲಿ ಹಿಡಿದು ಕುಚ್ಚು ಹಾಕಿದೆ. ಮಳೆ ಬಿಟ್ಟು ಬೂಷ್ಟು ಅಡಗಿದ್ದ ದಿನಗಳವು. ಮುಗಿಸಿ, ಮಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೇಡಂ ಊರಿಗೆ ಹೋಗಿದ್ದರು, ಬರುವುದು ತಡವಾಯಿತು. ಅಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು.

ಅವರು ಬಂದ ದಿನ ಆಂಟಿಯೂ ಜೊತೆಗೆ ಕೆಳಗಿಳಿದು ಬಂದರು, ನನ್ನ ಕೈಕೆಲಸ ಹೊಗಳುವುದಕ್ಕೆ. ನಾನು ಸೀರೆ ಬಿಚ್ಚಿದೆ. ಮಡಿಕೆಯ ಗೆರೆಯುದ್ದಕ್ಕೂ ಬೂದುಬಣ್ಣದ ಚುಕ್ಕೆಗಳು. ಜರಿ ಕಪ್ಪಾಗಿತ್ತು. ವಾಸನೆ ಮೂವರ ಮೂಗಿಗೂ ಬಡಿಯಿತು.

ಮೇಡಂ ಬೈಯಲಿಲ್ಲ. ಸೀರೆಯ ಮೇಲೆ ಕೈಯಾಡಿಸುತ್ತ ಕೂತುಬಿಟ್ಟರು. "ಹೊಸದು ತೆಕ್ಕೊಡ್ತೀನಿ ಮೇಡಂ" ಎಂದೆ. "ಹೊಸದು ನನಗೆ ತರಕ್ಕೆ ಬರಲ್ವೇನಮ್ಮ? ನಮ್ಮತ್ತೆ ಉಟ್ಟಿದ್ದು ಎಲ್ಲಿಂದ ತರ್ತೀಯ?" ಎಂದರು.

ನಾನು ಆಂಟಿಯ ಮುಖ ನೋಡಿದೆ. ಏನಾದರೂ ಹೇಳಿ ಎಂದು. ಅವರು ಹೇಳಿದರು. ನನಗಲ್ಲ, ಮೇಡಂಗೆ.

"ನಾನು ಬಡ್ಕೊಂಡೆ ಕಣ್ರೀ ಇವಳಿಗೆ, ಮನೇಲಿ ಗಾಳಿ ಆಡ್ಸೇ ಅಂತ. ಈಗಿನ್ ಹುಡ್ಗೀರು, ಕೇಳಲ್ಲ."

ಮಾರನೆಯ ದಿನದಿಂದ ಭಜನೆ ಮಂಡಳಿಯವರು ಒಬ್ಬೊಬ್ಬರಾಗಿ ಬಂದು ಕುಚ್ಚು ಹಾಕದ ಸೀರೆಗಳನ್ನು ವಾಪಸು ತೆಗೆದುಕೊಂಡು ಹೋದರು. ನೆಪ ಎಲ್ಲರದೂ ಬೇರೆ ಬೇರೆ, ದೃಷ್ಟಿ ಎಲ್ಲರದೂ ಚಾವಣಿಯ ಮೂಲೆಯ ಮೇಲೆ. ಕಸುಬಿನಲ್ಲಿ ಕೈ ಕೆಟ್ಟರೆ ತಿದ್ದಿಕೊಳ್ಳಬಹುದು, ಹೆಸರು ಕೆಟ್ಟರೆ ಏನು ಮಾಡುವುದು?

ಆ ಭಾನುವಾರ ಬೀರು ಖಾಲಿ ಮಾಡಿ ತೊಳೆಯೋಣವೆಂದು ಹೂವಿನ ಕಾಗದ ಕಿತ್ತೆ. ಕಾಗದದ ಜೊತೆಗೆ ಬೀರುವಿನ ಬೆನ್ನೇ ಕಿತ್ತು ಬಂತು. ತುಕ್ಕು ತಿಂದು ಜರಡಿಯಾಗಿತ್ತು. ಯಜಮಾನರನ್ನು ಕರೆದು ಇಬ್ಬರೂ ಸೇರಿ ಬೀರು ಸರಿಸಿದೆವು. ಕಾಲು ಲೂಸಾಗಿರಲಿಲ್ಲ. ನಾಲ್ಕೂ ಕಾಲು ಗಟ್ಟಿಯಾಗಿ ನೆಲದ ಮೇಲೆ ಕೂತಿದ್ದವು. ಬಾಗಿಲೂ ಸರಿಯಾಗಿಯೇ ಕೂತಿತು.

ಹಿಂದಿನ ಗೋಡೆ ಮೇಲಿಂದ ಕೆಳಗೆ ಕಪ್ಪಗಿತ್ತು. ಕೋಣೆಗೆಲ್ಲ ಕೆನೆ ಬಣ್ಣ, ಬೀರುವಿನಷ್ಟೇ ಅಗಲದ ಜಾಗದಲ್ಲಿ ಮಾತ್ರ ಆ ಬಣ್ಣವಿಲ್ಲ. ಸಿಪ್ಪೆಯೆದ್ದ ಕಡೆ ಒಂದರ ಕೆಳಗೊಂದು ಹಳೆಯ ಬಣ್ಣಗಳು, ತಿಳಿನೀಲಿ, ಹಸಿರು, ಗುಲಾಬಿ. ನಮಗಿಂತ ಮೊದಲಿದ್ದ ಒಬ್ಬೊಬ್ಬ ಬಾಡಿಗೆದಾರರಿಗೂ ಒಂದೊಂದು. ನಾನು ಗೆಣ್ಣು ಮಡಿಸಿ ತಟ್ಟಿದೆ. ಬದ್ ಎಂದಿತು.

ಆಂಟಿಯನ್ನು ಕರೆದೆ. ಅವರು ಬಂದು ಬಾಗಿಲಲ್ಲೇ ನಿಂತರು. ಅಭ್ಯಾಸಬಲದಿಂದ ಬಲಗೈ ಗೋಡೆಯ ಕಡೆ ಎದ್ದಿತು, ಗೆಣ್ಣು ಮಡಿಸಿಕೊಂಡಿತು. ಅಲ್ಲೇ ನಿಂತಿತು. ತಟ್ಟದೆ ಕೈ ಕೆಳಗಿಳಿಸಿದರು. ಆಗ ಹೊಳೆಯಿತು: ನನ್ನ ಮನೆಯಲ್ಲಿ ಒಲೆಯಿಂದ ಹಿಡಿದು ಒರಳಿನವರೆಗೆ ಎಲ್ಲವನ್ನೂ ತಟ್ಟಿ ನೋಡಿದ್ದವರು ಆ ಕೋಣೆಯ ಗೋಡೆಯನ್ನು ಒಂದು ದಿನವೂ ಮುಟ್ಟಿರಲಿಲ್ಲ.

"ನಿಮಗೆ ಗೊತ್ತಿತ್ತಾ ಆಂಟಿ?"

"ಮೇಲೆ ನಮ್ಮ ಬಚ್ಚಲ ಪೈಪು ಗೋಡೆಯೊಳಗೆ ಒಡೆದಿದೆ ಕಣಮ್ಮ. ಸರಿ ಮಾಡ್ಬೇಕಂದ್ರೆ ಪೂರ್ತಿ ಒಡೀಬೇಕಂತೆ. ಒಡ್ಸಿ ನಾನೆಲ್ಲಿರ್ಲಿ? ಈ ಬಾಡ್ಗೆ ಬಿಟ್ರೆ ನನಗೇನಿದೆ?"

"ಅವತ್ತೇ ಹೇಳ್ಬಹುದಿತ್ತಲ್ಲ. ಹೇಳಿದ್ರೆ ಸೀರೆ ಬೇರೆ ಕಡೆ ಇಡ್ತಿದ್ದೆ. ಮೇಡಂ ಎದುರಿಗಾದ್ರೂ ನನ್ನ ಮಾನ ಉಳಿಸ್ಬಹುದಿತ್ತಲ್ಲ."

ಅದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ.

"ಬೀರು ನೀನೇ ಕೇಳಿದ್ದು ಕಣೇ. ನಾನು ಕೊಡ್ತೀನಿ ಅಂದಿದ್ನಾ?"

ನಿಜ. ನಾನೇ ಕೇಳಿದ್ದೆ. ಕೇಳುವಂತೆ ಕನ್ನಡಿ ಒರೆಸಿ ನಿಲ್ಲಿಸಿದ್ದವರು ಅವರು. ಗೋಡೆ ಬಚ್ಚಿಟ್ಟದ್ದನ್ನು ಹೇಗೋ ಮರೆತೇನು. ಗೆದ್ದೆನೆಂದು ಕುಣಿಯಲು ಬಿಟ್ಟರಲ್ಲ, ಅದು ಮರೆಯುವುದಿಲ್ಲ. ನನಗೆ ಚೌಕಾಸಿ ಕಲಿಸುವ ಮೊದಲೇ ಚೌಕಾಸಿಯಲ್ಲಿ ನನ್ನನ್ನು ಮಾರಿ ಆಗಿತ್ತು.

ಮನೆ ಬಿಟ್ಟೆವು. ಬಿಡುವಾಗ ನಮ್ಮೂರ ಪದ್ಧತಿಯಂತೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆಂದು ಹಿಡಿದುಕೊಂಡರು. ಆ ಗೋಡೆಗೇ ಬಳಿಯುವ ಬಣ್ಣ! ಯಜಮಾನರು ಕೆಂಪಾದರು. ನಾನು ಅವರ ಕೈ ಹಿಡಿದು ಹೊರಗೆ ಕರೆತಂದೆ. ಸೊಪ್ಪಿನವಳ ಹತ್ತಿರವೂ ಕೊಸರಾಡುವ ನಾನು ಆ ದಿನ ಒಂದು ಮಾತು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡುವುದಕ್ಕೂ ಎದುರಿಗಿರುವವರ ಮೇಲೆ ಒಂದಿಷ್ಟು ನಂಬಿಕೆ ಬೇಕು.

ಸುಬ್ರಹ್ಮಣ್ಯಪುರದಲ್ಲಿ ಮತ್ತೆ ಮೊದಲಿನಿಂದ ಹೆಸರು ಕಟ್ಟಿದೆ. ಈಗ ಸೀರೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಗೋಡೆಯಿಂದ ಕೈಯಷ್ಟು ದೂರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡುತ್ತೇನೆ. ಗೆಳತಿಯರು ಮನೆ ನೋಡಲು ಹೋಗುವಾಗ ನನ್ನನ್ನೂ ಕರೆಯುತ್ತಾರೆ. ನಾನು ಹೊಸ ಬಣ್ಣಕ್ಕೆ ಮರುಳಾಗದೆ ಬೀರು ಸರಿಸಿ, ಕ್ಯಾಲೆಂಡರ್ ಎತ್ತಿ, ಮಂಚದ ಹಿಂದೆ ಬಗ್ಗಿ, ಗೋಡೆ ಗೋಡೆ ತಟ್ಟುತ್ತೇನೆ.

ಕಳೆದ ಮಳೆಗಾಲದಲ್ಲಿ ಆಂಟಿ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಹೋಗುವುದಿಲ್ಲ ಎಂದುಕೊಂಡೆ, ಹೋದೆ. ಮೇಲೆ ಮಲಗಿಸಿದ್ದರು. ಎದೆಯ ಮೇಲೆ ಜೋಡಿಸಿದ್ದ ಕೈಗಳಲ್ಲಿ ಆ ಗೆಣ್ಣು ಮಾತ್ರ ಹಾಗೆಯೇ ದಪ್ಪಗೆ ಕಾಣುತ್ತಿತ್ತು. ಅತ್ತುಬಿಟ್ಟೆ. ಯಾರಿಗೆಂದು ಅತ್ತೆನೋ ತಿಳಿಯದು.

ಇಳಿದು ಬರುವಾಗ ಕೆಳಗಿನ ಮನೆಯ ಹುಡುಗಿ, ಈಗಿನ ಬಾಡಿಗೆದಾರಳು, "ಅಕ್ಕ, ನೀರು ಕುಡೀರಿ" ಎಂದು ಒಳಗೆ ಕರೆದಳು. ಸೊಂಟದ ಮೇಲೆ ಮೂಗು ಸೋರುವ ಕೂಸು. ಕೋಣೆಯಲ್ಲಿ ಅದೇ ಬೀರು, ಹೊಸ ಬಣ್ಣ ಬಳಿಸಿಕೊಂಡು ಅದೇ ಜಾಗದಲ್ಲಿ ನಿಂತಿತ್ತು.

"ಚೆನ್ನಾಗಿದೆ ಬೀರು" ಎಂದೆ.

ಹುಡುಗಿಯ ಮುಖ ಅರಳಿತು. "ನಾನೇ ಪಟ್ಟು ಹಿಡಿದು ಇಸ್ಕೊಂಡೆ ಅಕ್ಕ. ಆಂಟಿ ಕೊಡಲ್ಲ ಅಂತಿದ್ರು, ಕೊನೆಗೆ ಸೋತೆ ಅಂದ್ರು. ಮಗು ಬಟ್ಟೆ ಎಲ್ಲಾ ಅದ್ರಲ್ಲೇ. ಇದಕ್ಕೊಂದು ನೆಗಡಿನೇ ಬಿಡ್ತಿಲ್ಲ, ಕಿಟಕಿ ತೆಗೆದಿಡು ಅಂತಿದ್ರು ಆಂಟಿ, ಪಾಪ."

ಮೇಲೆ ಹೆಣವಿದೆ. ಹೋದವರ ಬಗ್ಗೆ ಆಡಬಾರದು ಎನ್ನುತ್ತಾರೆ. ನೀರಿನ ಲೋಟ ಕೆಳಗಿಟ್ಟು, ಬೀರುವಿನ ಪಕ್ಕದ ಗೋಡೆಗೆ ಗೆಣ್ಣು ಮಡಿಸಿ ತಟ್ಟಿದೆ. ಬೀರುವಿನ ಸಂದಿಯಲ್ಲಿ ಕೈ ತೂರಿಸಿ ಹಿಂದೆ ತಟ್ಟಿದೆ.

"ಕೇಳಿಸ್ತಾ? ಇದು ಗಟ್ಟಿ. ಇದು ಬದ್ ಅಂತು. ಇವತ್ತೇ ನಿಮ್ಮ ಮನೆಯವ್ರಿಗೆ ಹೇಳಿ ಬೀರು ಸರಿಸಮ್ಮ. ಮಗು ಬಟ್ಟೆ ಹೊರಗೆ ತೆಗಿ."

ಅವಳು ಗೋಡೆ ನೋಡಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದಳು.

"ಆಂಟಿನೂ ಕಾಯಿನ ಹೀಗೇ ತಟ್ತಿದ್ರು ಅಕ್ಕ."

"ಹೌದಮ್ಮ" ಎಂದೆ. "ನನಗೂ ಅವ್ರೇ ಕಲಿಸಿದ್ದು."