ಅಂಚು ನೋಡದೆ ಪುಟ ಮುಚ್ಚದ ನೋರೀನ್ ಲೌನಿ

ಹಳೆಯ ಮದುವೆಯ ದಾಖಲೆಗಳನ್ನು ಓದಿ ವಂಶದ ಎಳೆ ಹಿಡಿಯುವ ವಿದ್ಯೆಯಲ್ಲಿ ನಮ್ಮ ಬೇರಾ ಸೀಮೆಗೆ ಐರ್ಲೆಂಡಿನಲ್ಲಿ ಏನಾದರೂ ಹೆಸರಿದ್ದರೆ ಅದು ಮಾನ್ಯ ನೋರೀನ್ ಲೌನಿಯವರು ತಂದುಕೊಟ್ಟದ್ದು. ಕಿಲ್‌ತರ್ನಾ ವಂಶಾವಳಿ ಕೇಂದ್ರದ ಸುದೀರ್ಘ ಸೇವೆಯಿಂದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಊರಿನ ಅರ್ಧ ಜನ ಹ್ಯಾರಿಂಗ್ಟನ್ನರು, ಉಳಿದರ್ಧ ಸುಲಿವನ್ನರು ಆಗಿರುವ ಕಡೆ ಯಾರು ಯಾರ ಮೊಮ್ಮಗನೆಂದು ಹೇಳುವುದು ಸಾಮಾನ್ಯರ ಕೆಲಸವಲ್ಲ. ಅಮೆರಿಕದಿಂದ, ಆಸ್ಟ್ರೇಲಿಯಾದಿಂದ ಬರಿಯ ಹೆಸರೊಂದನ್ನು ಹಿಡಿದು ಬಂದವರನ್ನು ಅವರ ಮುತ್ತಜ್ಜಿಯ ಮನೆಯ ಹೊಸ್ತಿಲಿನವರೆಗೆ ತಲುಪಿಸಿದ ಕೀರ್ತಿ ಈಕೆಯದು. ಆದರೆ ಆಕೆಯನ್ನು ಕುರಿತು ಬರೆಯಲು ಕುಳಿತಾಗಲೆಲ್ಲ ಹಾರೈಕೆಯ ಮಾತಿಗಿಂತ ಮೊದಲು ಒಂದು ಸೆಪ್ಟೆಂಬರ್ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ನೋರೀನ್ ಕೇಂದ್ರಕ್ಕೆ ಸೇರಿದಾಗ ಅದು ಹಳೆಯ ಶಾಲೆಯ ಹಿಂಬದಿಯ ಕೋಣೆ. ಸೀಮೆಎಣ್ಣೆಯ ಒಲೆಯೊಂದು ಕಾವಿಗಿಂತ ಹೆಚ್ಚಾಗಿ ವಾಸನೆ ಕೊಡುತ್ತಿತ್ತು. ಊರ ಚರ್ಚಿನ ಪುಸ್ತಕಗಳಲ್ಲಿದ್ದ ಮದುವೆಗಳನ್ನೆಲ್ಲ ಆಕೆ ಅಲ್ಲಿ ಕುಳಿತು ಕೈಯಾರೆ ನಕಲು ಮಾಡಿದರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲದಲ್ಲಿ ಮದುವೆ ಮಾಡುವಂತಿಲ್ಲದ್ದರಿಂದ, ಆ ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಮಂಗಳವಾರ ನಮ್ಮ ಹಿರಿಯರು ಸಾಲುಗಟ್ಟಿ ನಿಂತು ಮದುವೆಯಾಗುತ್ತಿದ್ದರು. ಆ ದಿನದ ಪುಟಗಳಲ್ಲಿ ಪಾದ್ರಿಯ ಅಕ್ಷರ ಬೆಳಿಗ್ಗೆ ಮುತ್ತಿನಂತಿದ್ದು ಸಂಜೆಗೆ ಕೋಳಿ ಕೆದರಿದಂತೆ ಆಗಿರುವುದನ್ನು ತೋರಿಸಿ ಆಕೆ ನಗುತ್ತಿದ್ದರು. ಅವಿವಾಹಿತೆಯಾದ ಆಕೆಯನ್ನು, "ನಿಂದ್ಯಾವ ಮಂಗಳವಾರ?" ಎಂದು ಯಾರಾದರೂ ಕೆಣಕಿದರೆ, "ಪಾದ್ರಿಗೆ ಕೈ ನೋವು ಬರೋದು ಬೇಡ ಅಂತ ಬಿಟ್ಟೆ" ಎನ್ನುತ್ತಿದ್ದರು.

ಆಕೆ ನಮಗೆಲ್ಲ ಕಲಿಸಿದ ಮುಖ್ಯ ಪಾಠ ಅಂಚಿನದು. ಕಳೆದ ಶತಮಾನದ ಆರಂಭದಿಂದ ನಮ್ಮ ಚರ್ಚಿನಲ್ಲಿ ಒಂದು ಕಟ್ಟಳೆಯಿದೆ: ಯಾರು ಎಲ್ಲಿ ಮದುವೆಯಾದರೂ, ಅಲ್ಲಿಯ ಪಾದ್ರಿ ಅವರಿಗೆ ಮಗುವಾಗಿದ್ದಾಗ ಜ್ಞಾನಸ್ನಾನವಾದ ಊರಿಗೆ ತಿಳಿಸಬೇಕು, ಆ ಊರಿನ ಪಾದ್ರಿ ಅದನ್ನು ಜ್ಞಾನಸ್ನಾನದ ದಾಖಲೆಯ ಪಕ್ಕದ ಅಂಚಿನಲ್ಲಿ ಬರೆದಿಡಬೇಕು. "ಮದುವೆ ಸಿಕ್ತು ಅಂತ ಎದ್ದು ಹೋಗ್ಬೇಡಿ, ಅಂಚು ನೋಡಿ" ಎಂದು ಆಕೆ ಹೇಳದ ದಿನವಿಲ್ಲ. ಕಂಡದ್ದನ್ನು ಬಂದವರಿಗೆ ಹೇಳಿಯೇ ತೀರಬೇಕೆಂಬುದು ಎರಡನೆಯ ಪಾಠ. ಒಮ್ಮೆ ಮ್ಯಾಂಚೆಸ್ಟರಿನ ವೃದ್ಧರೊಬ್ಬರಿಗೆ, ಅವರು ಹುಟ್ಟಿದ ಮೇಲೆ ಅವರ ತಂದೆತಾಯಿಯ ಮದುವೆಯಾದದ್ದನ್ನು ಆಕೆ ನೇರವಾಗಿ ಹೇಳಿದಾಗ ಆತ ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು. ನೋರೀನ್ ಬಸ್ ನಿಲ್ದಾಣದವರೆಗೆ ಹಿಂದೆ ಹೋಗಿ, ಕಲ್ಲುಕಟ್ಟೆಯ ಮೇಲೆ ಕೂರಿಸಿ, ಮನೆಯಿಂದ ತಂದ ಸೋಡಾ ಬ್ರೆಡ್ಡನ್ನು ಅರ್ಧ ಮುರಿದು ಕೊಟ್ಟು, ಅವರು ಮಾತಾಡುವ ತನಕ ಪಕ್ಕದಲ್ಲೇ ಕುಳಿತಿದ್ದರು. ಆ ಬಸ್ಸು ತಪ್ಪಿತು, ಮುಂದಿನದೂ ತಪ್ಪಿತು. ಸತ್ಯ ಹೇಳಿ ಕೈತೊಳೆದುಕೊಳ್ಳುವ ಜಾಯಮಾನ ಆಕೆಯದಲ್ಲ.

ಇಂಥವರು ತಮ್ಮ ಸ್ವಂತ ಅಜ್ಜನ ಪುಟವನ್ನು ಮಾತ್ರ ಓದಿರಲಿಲ್ಲ ಎಂದರೆ ಯಾರು ನಂಬಿಯಾರು? ಓದುವ ಅಗತ್ಯವೇ ಕಂಡಿರಲಿಲ್ಲ. ತಾಯಿಯ ತಂದೆ ಮರ್ಟಿ ಹ್ಯಾರಿಂಗ್ಟನ್, ಎಳೆಯ ಹೆಂಡತಿ ಎಲೆನ್‌ಳನ್ನೂ ಕೈಗೂಸನ್ನೂ ಬಿಟ್ಟು ಅಮೆರಿಕದ ಬ್ಯೂಟ್ ಊರಿನ ತಾಮ್ರದ ಗಣಿಗೆ ಹೋದವನು. ಗಣಿ ಕುಸಿದು ಸತ್ತನೆಂದು ಸ್ನೇಹಿತನೊಬ್ಬ ಬರೆದ ಪತ್ರ ಬಂದಿತ್ತು. ಎಲೆನ್ ಅಂದು ಉಟ್ಟ ಕಪ್ಪು ಬಟ್ಟೆಯನ್ನು ಸಾಯುವವರೆಗೂ ಬಿಡಲಿಲ್ಲ. ಪ್ರತಿ ನವೆಂಬರಿನಲ್ಲಿ ಮೃತರಿಗಾಗಿ ಚರ್ಚಿನಲ್ಲಿ ನಡೆಯುವ ಪೂಜೆಯಲ್ಲಿ ಪಾದ್ರಿ ಪೀಠದಿಂದ ಮರ್ಟಿಯ ಹೆಸರು ಓದುತ್ತಿದ್ದರು. ಆ ಕೈಗೂಸೇ ನೋರೀನ್‌ರ ತಾಯಿ ಹ್ಯಾನಿ. ಎಂಬತ್ತು ದಾಟಿದರೂ ಆಕೆ ಕಾಣದ ತಂದೆಗಾಗಿ ಜಪಸರ ತಿರುಗಿಸುತ್ತಿದ್ದರು.

ಆ ಸೆಪ್ಟೆಂಬರ್ ಮಧ್ಯಾಹ್ನ ಡೆಟ್ರಾಯಿಟಿನಿಂದ ಲೊರೇನ್ ಎಂಬ ಮಹಿಳೆ ಬಂದರು. ತಮ್ಮ ಅಜ್ಜನ ತಂದೆತಾಯಿಯ ಮದುವೆಯ ದಾಖಲೆ ಬೇಕಿತ್ತು. ಅಜ್ಜನ ಹೆಸರು ಮರ್ಟಿ ಹ್ಯಾರಿಂಗ್ಟನ್. ನಮ್ಮಲ್ಲಿ ಆ ಹೆಸರಿನವರನ್ನು ಕಲೆಹಾಕಿದರೆ ಎರಡು ಫುಟ್‌ಬಾಲ್ ತಂಡ ಕಟ್ಟಬಹುದು, ಆದ್ದರಿಂದ ನೋರೀನ್‌ಗೆ ಏನೂ ಅನ್ನಿಸಲಿಲ್ಲ. ಹುಟ್ಟಿದ ತಿಂಗಳು, ತಾಯಿಯ ಹೆಸರು ಕೇಳಿಕೊಂಡು ಜ್ಞಾನಸ್ನಾನದ ಪುಟ ತೆಗೆದರು. ಅಭ್ಯಾಸಬಲದಿಂದ ಬೆರಳು ಅಂಚಿಗೆ ಹೋಯಿತು.

ಅಂಚಿನಲ್ಲಿ ಎರಡು ಮದುವೆಗಳಿದ್ದವು. ಮೇಲಿನದು ಇದೇ ಚರ್ಚಿನಲ್ಲಿ, ಬೂದಿ ಬುಧವಾರದ ಹಿಂದಿನ ಮಂಗಳವಾರ, ಎಲೆನ್ ಶೇ ಎಂಬವಳೊಂದಿಗೆ. ಕೆಳಗಿನದು ಡೆಟ್ರಾಯಿಟಿನಲ್ಲಿ, ಸ್ಟೆಲ್ಲಾ ನೋವಾಕ್ ಎಂಬವಳೊಂದಿಗೆ, ಸಾವಿನ ಪತ್ರ ಬಂದ ಮರುವರ್ಷ. ಎರಡನ್ನೂ ಬರೆದದ್ದು ಒಂದೇ ಕೈ.

ನೋರೀನ್ ಪುಸ್ತಕ ಮುಚ್ಚಿದರು. ಆಕೆ ಹಾಗೆ ಮುಚ್ಚಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. "ನಾಳೆ ಬನ್ನಿ" ಎಂದಷ್ಟೇ ಲೊರೇನ್‌ಗೆ ಹೇಳಿ, ಕೋಟನ್ನೂ ಹಾಕಿಕೊಳ್ಳದೆ ಹೊರಟುಹೋದರು.

ಮನೆಯಲ್ಲಿ ಹ್ಯಾನಿ ಆಲೂಗಡ್ಡೆ ಬೇಯಿಸುತ್ತಿದ್ದರು. "ಇವತ್ತು ಯಾರ ಅಜ್ಜ ಸಿಕ್ಕಿದ್ನೇ?" ಎಂದು ಎಂದಿನಂತೆ ಕೇಳಿದರು. ನೋರೀನ್ ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸತೊಡಗಿದರು. "ಯಾರೂ ಸಿಗ್ಲಿಲ್ಲಮ್ಮ" ಎಂದರು. ಆಕೆಯ ಸೇವಾಜೀವನದ ಏಕೈಕ ಸುಳ್ಳು ಅದು, ಹೇಳಿದ್ದು ಹೆತ್ತ ತಾಯಿಗೆ. ಹೇಳಿದರೆ ಮುದುಕಿಯ ಜೀವಮಾನದ ನಂಬಿಕೆ ಮುರಿಯುತ್ತದೆ, ಹೇಳದಿದ್ದರೆ ಮ್ಯಾಂಚೆಸ್ಟರಿನ ಆ ವೃದ್ಧರಿಗೆ ಯಾವ ಮುಖ ಹೊತ್ತು ಹೇಳಿದ್ದು ಎಂಬ ಸಂಕಟ ಅವರನ್ನು ಹಿಂಡಿತು. ಅದಕ್ಕಿಂತ ದೊಡ್ಡ ಆಘಾತ ಆ ಪಾದ್ರಿ ಕೊಟ್ಟದ್ದು. ಎರಡನೆಯ ಮದುವೆಯನ್ನು ತಮ್ಮ ಕೈಯಿಂದಲೇ ಬರೆದುಕೊಂಡವರು, ಎದುರಿನ ಸಾಲಿನಲ್ಲಿ ಕಪ್ಪು ಬಟ್ಟೆಯಲ್ಲಿ ಕುಳಿತ ಎಲೆನ್‌ಳನ್ನು ನೋಡುತ್ತಲೇ, ಬದುಕಿರುವವನ ಹೆಸರನ್ನು ಸತ್ತವರ ಸಾಲಿನಲ್ಲಿ ವರ್ಷ ವರ್ಷ ಓದಿದರಲ್ಲ!

ಮರುದಿನ ನೋರೀನ್ ಲೊರೇನ್‌ರನ್ನು ಎದುರು ಕೂರಿಸಿಕೊಂಡು ಪುಟ ತೆರೆದರು. "ಇವನು ನಿಮ್ಮಜ್ಜ. ಇವನೇ ನನ್ನಜ್ಜ. ನಮ್ಮಜ್ಜಿ ಬದುಕಿರೋವಾಗ್ಲೇ ನಿಮ್ಮಜ್ಜೀನ ಕಟ್ಕೊಂಡ."

ಲೊರೇನ್ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. "ಹಾಗಾದ್ರೆ ನಮ್ಮಜ್ಜಿ ಮದುವೆ ಮದುವೆಯೇ ಅಲ್ವಾ?"

"ಪುಸ್ತಕದ ಪ್ರಕಾರ ಅಲ್ಲ."

ಲೊರೇನ್ ಮೊದಲ ಮದುವೆಯ ತಾರೀಖಿನ ಮೇಲೆ ಬೆರಳಿಟ್ಟು ಹೇಳಿದರು: "ಬೂದಿ ಬುಧವಾರದ ಹಿಂದಿನ ದಿನ ನಮ್ಮಜ್ಜ ಮನೇಲಿ ಇರ್ತಿರ್ಲಿಲ್ಲ. ಒಬ್ರೇ ಎಲ್ಲೋ ಹೋಗಿ ರಾತ್ರಿ ಬರ್ತಿದ್ರು. ಕುಡಿಯೋಕೆ ಹೋಗ್ತಾರೆ ಅಂತ ನಮ್ಮಜ್ಜಿ ಬೈತಿದ್ರು."

ಇಬ್ಬರೂ ಒಟ್ಟಿಗೆ ಮನೆಗೆ ಹೋದರು. ನೋರೀನ್ ತಾಯಿಯ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದರು. ಹ್ಯಾನಿ ಅಳಲಿಲ್ಲ. ಬೆರಳಿನಲ್ಲಿದ್ದ ಜಪಸರವನ್ನು ಮೇಜಿನ ಮೇಲಿಟ್ಟು, ಅದು ಬೇರೆ ಯಾರದೋ ಎಂಬಂತೆ ದೂರ ಸರಿಸಿದರು.

"ಯಾವಾಗ ಸತ್ತ?"

"ಐವತ್ತೇಳನೇ ಇಸ್ವೀಲಮ್ಮ."

"ಅಂದ್ರೆ ನನ್ನ ಮದುವೇಲಿ ಅವನು ಬದುಕಿದ್ದ. ಕರ್ಕೊಂಡು ಹೋಗೋಕೆ ಅಪ್ಪ ಇಲ್ಲ ಅಂತ ಸೋದರಮಾವನ ಕೈ ಹಿಡ್ಕೊಂಡು ಚರ್ಚಿಗೆ ಹೋದೆ ನಾನು. ಅಪ್ಪ ಮೇಲಿಂದ ನೋಡ್ತಿದ್ದಾನೆ ಅಂತ ಅಮ್ಮ ಹೇಳಿದ್ಲು." ಮಗಳತ್ತ ತಿರುಗಿ, "ಇಷ್ಟು ವರ್ಷದ ಜಪ ಎಲ್ಲ ಯಾರಿಗೆ ಹೋಯ್ತೇ ನೋರೀನ್?" ಎಂದರು.

ಲೊರೇನ್ ಏಳಲು ಹೊರಟರು. ಹ್ಯಾನಿ ಆಕೆಯ ತೋಳು ಹಿಡಿದು ಕೂರಿಸಿದರು.

"ನೀನು ಅವನನ್ನ ನೋಡಿದ್ಯಾ?"

"ನಾನು ಏಳು ವರ್ಷದವಳಾಗೋವರೆಗೂ ಇದ್ರು. ಹೆಗಲ ಮೇಲೆ ಕೂರಿಸ್ಕೊಂಡು ಓಡಾಡ್ತಿದ್ರು."

"ಹೋಗೋ ದಿನ ನನ್ನನ್ನೂ ಹೊತ್ಕೊಂಡಿದ್ನಂತೆ. ನಂಗೆ ನೆನಪಿಲ್ಲ." ಹ್ಯಾನಿ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೇಳು ಮಗಳೇ. ಹೇಗಿದ್ದ? ದನಿ ಹೇಗಿತ್ತು? ಹಾಡ್ತಿದ್ನಾ?"

ವಂಶದ ಸುದ್ದಿ ಕೇಳಲು ಸಾಗರ ದಾಟಿ ಬಂದ ಲೊರೇನ್ ಅಂದು ಕತ್ತಲಾಗುವವರೆಗೆ ಕುಳಿತು ತಾವೇ ಹೇಳಿದರು. ತಾಯಿ ಹಾಗೆ ಬಾಯಿಬಿಟ್ಟುಕೊಂಡು ಕೇಳಿದ್ದನ್ನು ನೋರೀನ್ ಎಂದೂ ಕಂಡಿರಲಿಲ್ಲ. ಆ ನವೆಂಬರಿನಲ್ಲಿ ಮೃತರ ಹೆಸರು ಬರೆದುಕೊಡುವಾಗ ಮರ್ಟಿಯದನ್ನು ಬಿಡಲೇ ಎಂದು ಆಕೆ ಕೇಳಿದರೆ ಹ್ಯಾನಿ ಒಪ್ಪಲಿಲ್ಲ. "ಬರಿ. ಅವಾಗ ಬದುಕಿದ್ದ, ಅವನಿಗೆ ಜಪ ಬೇಕಾಗಿರ್ಲಿಲ್ಲ. ಮಾಡಿರೋ ಕೆಲಸ ನೋಡಿದ್ರೆ ಈಗ್ಲೇ ಹೆಚ್ಚು ಬೇಕು" ಎಂದರು. ಮರುವರ್ಷದ ಪಟ್ಟಿಯಲ್ಲಿ ಹ್ಯಾನಿಯ ಹೆಸರೇ ತಂದೆಯ ಹೆಸರಿನ ಕೆಳಗೆ ಬಂತು.

ಅಂದಿನಿಂದ ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆ ನೋರೀನ್ ಮೊದಲು ಕೊಡುವ ಕೆಲಸ ಒಂದೇ: ತಮ್ಮ ಮನೆಯವರ ಪುಟ ತೆಗೆದು ಓದುವುದು. ಕೆಲವರು ಬೆವರುತ್ತಾರೆ, ಒಬ್ಬರು ಮರುದಿನ ಬರಲೇ ಇಲ್ಲ. ಉಳಿದವರು ಬಂದವರೆದುರು ಮೃದುವಾಗಿ ಮಾತಾಡಲು ಕಲಿತಿದ್ದಾರೆ.

ಹಿರಿಯರಾದ ನೋರೀನ್ ಲೌನಿಯವರಿಗೆ ನೂರು ತುಂಬಲಿ, ಅವರ ಕಣ್ಣು ಮಂದವಾಗದಿರಲಿ, ಇನ್ನೂ ಅನೇಕರ ಅಜ್ಜಂದಿರನ್ನು ಅವರು ಹಿಡಿದು ತರಲಿ ಎಂದು ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ. ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇವೆ. ಆಕೆ ಇನ್ನಿಲ್ಲವೆಂದು ಎಂದಾದರೂ ಯಾರಾದರೂ ನಮಗೆ ಪತ್ರ ಬರೆದರೆ ನಾವು ನಂಬುವುದಿಲ್ಲ. ಮೊದಲು ಅಂಚು ನೋಡುತ್ತೇವೆ.