ಒತ್ತಿದ ಹೆಸರು, ತೆರೆದ ಮುಖ

ಕಂಪ್ಯೂಟರ್ ಪರದೆಯಲ್ಲಿ ಅಡಿಗೆರೆ ಎಳೆದ ನೀಲಿ ಅಕ್ಷರ ಕಂಡರೆ ಒತ್ತದೆ ಇರಲಾರದ ಚಪಲ ಮನುಷ್ಯಕುಲಕ್ಕೆ ಎಲ್ಲಿಂದ ಅಂಟಿತೋ ಕಾಣೆ. ‘ಬಣ್ಣ ಹಸಿಯಾಗಿದೆ’ ಎಂದು ಬರೆದಿರುವ ಬಾಗಿಲಿಗೆ ಬೆರಳಿಟ್ಟೇ ನೋಡುವ ಜಾತಿಯಲ್ಲವೇ ನಮ್ಮದು! ಈ ಚಪಲವನ್ನೇ ನಂಬಿಕೊಂಡು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಇಂದಿರಾನಗರದ ಗ್ಯಾರೇಜೊಂದರ ಮೇಲಿನ ಪುಟ್ಟ ಕಚೇರಿಯಲ್ಲಿ ಅನ್ನ ಸಂಪಾದಿಸುತ್ತಿದ್ದೆ. ಅಕ್ಷರ ಒತ್ತಿದರೆ ಚಿತ್ರ ತೆರೆಯುವಂತೆ, ಬಾಣ ಒತ್ತಿದರೆ ಬರಹ ಮೇಲೆ ಸರಿಯುವಂತೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದು ಸಿ.ಡಿ.ಗೆ ತುಂಬುವುದು ನನ್ನ ಕಸುಬು. ಹಲಸೂರಿನ ನಮ್ಮ ಬೀದಿಯವರು ಇದಕ್ಕೇ ನನ್ನನ್ನು ‘ಇಂಜಿನಿಯರ್ರು’ ಎನ್ನುತ್ತಿದ್ದರು. ನಾನೂ ವಿನಯದಿಂದ ತಿದ್ದದೆ ಇದ್ದೆ.

ಅಲ್ಲೇ ಚಿತ್ರ ಬಿಡಿಸುತ್ತಿದ್ದ ಮಂಜುಳೆಗೂ ನನಗೂ ಮನಸ್ಸು ಕೂಡಿತ್ತು. ಅವಳದು ಮಹದೇವಪುರದ ಜಮೀನುದಾರರ ದೊಡ್ಡ ಮನೆತನ. ನಮ್ಮ ವಿಷಯವನ್ನು ಆಕೆ ಅಜ್ಜಿ ಮುನಿಯಮ್ಮನವರ ಕಿವಿಗೆ ಹಾಕಿದ್ದಳು. ಅವರು ‘ನೋಡಾನ’ ಎಂದಷ್ಟೇ ಹೇಳಿದ್ದರಂತೆ. ಹೊಸ ಮನೆಯ ಗೃಹಪ್ರವೇಶಕ್ಕೆ ಅವರ ವಂಶವೃಕ್ಷವನ್ನೇ ಕಂಪ್ಯೂಟರಿನಲ್ಲಿ ತೋರಿಸುತ್ತೇನೆಂದು ನಾನು ಮೇಲೆ ಬಿದ್ದು ಒಪ್ಪಿಕೊಂಡೆ. “ಅಜ್ಜಿ ಹೂಂ ಅಂದ್ರೆ ಮುಗೀತು. ಮಾನ ಕಳೀಬೇಡ ಕಣೋ” ಎಂದಳು ಮಂಜುಳೆ.

ಒತ್ತಿದ ಹೆಸರು ಪರದೆಯ ಮೇಲಿನಿಂದ ಎಷ್ಟನೆಯ ಸಾಲಿನಲ್ಲಿದೆಯೋ ವಂಶದ ಪಟ್ಟಿಯಲ್ಲಿ ಅಷ್ಟನೆಯವರ ಚಿತ್ರ, ವಿವರ ತೋರಿಸುವುದು ನನ್ನ ಉಪಾಯ. ನಮ್ಮ ಮನೆಯವರ ಹೆಸರುಗಳಿಂದ ಪರೀಕ್ಷಿಸಿದೆ, ಸರಿಯಾಗಿತ್ತು. ನಮ್ಮದು ಬಾಡಿಗೆ ಮನೆಯ ಕಿರುಸಂಸಾರ; ಪರದೆಯಲ್ಲೂ ಇಕ್ಕಟ್ಟಾಗದೆ ಹಿಡಿಸಿತು, ಬರಹ ಸರಿಸುವ ಪ್ರಮೇಯವೇ ಬರಲಿಲ್ಲ. ಸರಿಸಿದಾಗ ಮೇಲೆ ಮರೆಯಾದ ಸಾಲುಗಳನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ಅಲ್ಪಜ್ಞಾನ ಈ ಪಂಡಿತೋತ್ತಮನಿಗೆ ಹೊಳೆಯಲೇ ಇಲ್ಲ.

ಆ ದಿನ ಕಂಪ್ಯೂಟರಿಗೂ ಅರಿಶಿನ ಕುಂಕುಮವಾಯಿತು. ಮುತ್ತಾತ, ಮುತ್ತಜ್ಜಿಯರು ಒತ್ತಿದೊಡನೆ ಪ್ರತ್ಯಕ್ಷರಾದರು, ಚಪ್ಪಾಳೆಯೋ ಚಪ್ಪಾಳೆ. ಉಬ್ಬಿಹೋದ ನಾನು ಬರಹವನ್ನು ಸರ್ರನೆ ಸರಿಸಿ, ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿಯ ಹೆಸರನ್ನೇ ಒತ್ತಿದೆ. ಒತ್ತಿದ ಹೆಸರೇ ತಲೆಬರಹವಾಗುತ್ತಿದ್ದುದರಿಂದ ಅದು ಸರಿಯಾಗಿಯೇ ಬಂತು. ಕೆಳಗೆ ಬಂದದ್ದು ಮಾತ್ರ ಎಂದೋ ತೀರಿಹೋದ ಅವರ ಅತ್ತೆಯ ವಿವರ, ಹಾರ ಹಾಕಿದ ಮಸುಕು ಪಟದ ಸಮೇತ. ಮಂಜುಳೆಯ ಚಿಕ್ಕಪ್ಪ ಕಂಚಿನ ಕಂಠದಲ್ಲಿ ಓದಿಬಿಟ್ಟರು: “ಮುನಿಯಮ್ಮ. ಸ್ವರ್ಗಸ್ಥರಾಗಿದ್ದಾರೆ.”

“ಅಯ್ಯೋ ನಮ್ಮಕ್ಕಾ!” ಎಂದು ಎದೆ ಬಡಿದುಕೊಂಡರು ಅಜ್ಜಿಯ ಕಣ್ಣು ಮಂಜಾದ ತಂಗಿ, ಅಕ್ಕನ ಪಕ್ಕದಲ್ಲೇ ಕುಳಿತು! ಕಾರಣ ವಿಚಾರಿಸದೆ ಇನ್ನಿಬ್ಬರು ದನಿಗೂಡಿಸಿದರು. ಚಿಕ್ಕಪ್ಪ ನನ್ನತ್ತ ತಿರುಗಿ, “ಶುಭಕಾರ್ಯದಲ್ಲಿ ಏನ್ರೀ ಇದು ಅಪಶಕುನ? ಮೊದ್ಲು ಆರಿಸ್ರಿ ಅದನ್ನ!” ಎಂದರು. ಮಂಜುಳೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗುವ ಬಸ್ಸು ಹತ್ತಿ ಭೂಮಂಡಲದಿಂದಲೇ ಪರಾರಿಯಾಗುವ ಯೋಚನೆ ಬಂತು.

“ಸುಮ್ಕಿರ್ಲಾ” ಎಂದು ಮಗನನ್ನು ಗದರಿದರು ಅಜ್ಜಿ. “ಹೋದ ತಿಂಗ್ಳು ಕಾಗೆ ನನ್ ತಲೆ ಮುಟ್ತು. ನಾನು ಸತ್ತೆ ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳ್ಸಿ, ಅವರು ಅತ್ರೆ ದೋಷ ಕಳೀತದೆ ಅಂತ ಬಡ್ಕೊಂಡೆ. ನಾಚ್ಕೆ ಅಂತ ಒಬ್ರೂ ಕಳಿಸ್ನಿಲ್ಲ. ಈ ಹುಡ್ಗ ಕಳಿಸ್ದ. ನನ್ ತಂಗಿ ಅತ್ಲು. ಆಯಸ್ಸು ಗಟ್ಟಿಯಾಯ್ತು ಬುಡು.”

ತಂಗಿ ಅಕ್ಕನ ಕೆನ್ನೆ ಸವರಿ ನೋಡಿ, ಈಗ ಸಂತೋಷಕ್ಕೆ ಅಳತೊಡಗಿದರು. ನನಗೆ ಹೋದ ಜೀವ ಬಂತು.

“ತಪ್ಪು ನಂದೇ ಅಜ್ಜಿ. ಈಗ್ಲೇ ಸರಿ ಮಾಡ್ತೀನಿ” ಎಂದು ತೊದಲಿದೆ.

“ಮಾಡೀವಂತೆ. ಹಂಗೇ ನಮ್ ಮಂಜುಳನ್ ಹೆಸ್ರು ಪಕ್ಕ ನಿನ್ ಹೆಸ್ರೂ ಸೇರಿಸ್ಕೋ” ಎಂದರು ಅಜ್ಜಿ. “ಒತ್ತಿದ್ರೆ ಯಾರ ಮುಖ ಬಂದ್ರೂ ಮನೆಯವ್ರದೇ ತಾನೆ.”