ಸೊಂಟದ ಮಟ್ಟದ ನೀರು

ನನ್ನ ಅವ್ವ ಸತ್ತಾಗ ಅವಳಿಗೆ ನಲವತ್ತೇಳು. ಬಾವಿಯಿಂದ ಕೊಡ ಹೊತ್ತು ಬಂದವಳು ಹೊಸ್ತಿಲ ಮೇಲೆ ಕುಳಿತು, "ದಮ್ಮು ಹತ್ತೇತಿ, ಸ್ವಲ್ಪ ತಡೀರಿ" ಎಂದಳು. ನಾವು ತಡೆದೆವು. ಅವಳು ಮತ್ತೆ ಏಳಲಿಲ್ಲ.

ನಲವತ್ತಾರಕ್ಕೆ ನನಗೂ ದಮ್ಮು ಹತ್ತತೊಡಗಿತು. ಸೌದೆಯ ಸಣ್ಣ ಹೊರೆ ಹಿತ್ತಲಿನಿಂದ ಒಲೆಯ ತನಕ ತರುವಷ್ಟರಲ್ಲಿ ಕಿವಿಯೊಳಗೆ ಎದೆ ಬಡಿಯುವುದು ಕೇಳುತ್ತಿತ್ತು. ಮುಂಡಗೋಡದ ಡಾಕ್ಟರು, "ಎದಿಗೆ ಕೆಲಸ ಕೊಡ್ರಿ. ದಿನಾ ಅರ್ಧ ತಾಸು ಉಸಿರು ಏರೂ ಹಂಗ ನಡೀರಿ" ಎಂದರು. ಡಾಂಬರು ರಸ್ತೆಯಲ್ಲಿ ಐದು ದಿನ ನಡೆದೆ. ಆರನೆಯ ದಿನ ಎರಡೂ ಮೊಣಕಾಲು ಬಾತು, ಕುಳಿತರೆ ಏಳಲು ಗೋಡೆ ಬೇಕಾಯಿತು.

"ಹಂಗಾದ್ರ ನೀರಾಗ ನಡೀರಿ" ಎಂದರು ಅವರು. "ನೀರು ಮೈಭಾರ ಹೊರತೈತಿ, ಮೊಣಕಾಲಿಗೆ ಪೆಟ್ಟು ಬೀಳೂದಿಲ್ಲ."

ಅದು ನಾಟಿಯ ಕಾಲ. ಮನೆಯವರು ನಕ್ಕರು. "ನೀರಾಗ ನಡೀಲಿಕ್ಕ ಚೀಟಿ ಬರಸ್ಕೊಂಡು ಬಂದೀಯೇನು? ನಮ್ಮ ಗದ್ದಿ ಐತಲ್ಲ!"

ನನಗೂ ಅದೇ ಸರಿ ಎನಿಸಿತು. ಹುಟ್ಟಿದಾಗಿನಿಂದ ಗದ್ದೆಯಲ್ಲೇ ಓಡಾಡಿದವಳು ನಾನು. ಮೂರನೆಯ ದಿನ ಕೆಸರಿನಲ್ಲಿ ಕಾಲು ಹೂತಿತು. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಬದುವಿನ ಮೇಲೆ ಮಲಗಿ ಎದೆಯ ಬಡಿತ ಕೇಳುತ್ತ, ಇದೇ ನನ್ನ ಹೊಸ್ತಿಲು ಎಂದುಕೊಂಡೆ.

ಎಕ್ಕದ ಎಲೆ ಕಾಯಿಸಿ ಕಟ್ಟಿಕೊಂಡು ಎರಡು ತಿಂಗಳು ಕಳೆದೆ. ಡಾಕ್ಟರು ಬೈದರು. "ಕೆಸರಾಗ ಅಂತ ಯಾರು ಹೇಳಿದ್ರು? ಕೆಸರು ಕಾಲು ಹಿಡೀತೈತಿ. ಕೆಳಗ ಗಟ್ಟಿ ನೆಲ ಬೇಕು, ನೀರು ಸೊಂಟದ ಮಟ್ಟ ಇರಬೇಕು. ನಡಕೋಂತ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟ ದಮ್ಮು ಸಾಕು. ಎದಿ ನೋವಾತು, ತಲಿ ತಿರುಗ್ತು ಅಂದ್ರ ನಿಂತುಬಿಡ್ರಿ."

ದೀಪಾವಳಿ ಕಳೆದ ಮೇಲೆ ನಮ್ಮೂರ ಕೆರೆಗಿಳಿದೆ. ಎಮ್ಮೆ ತೊಳೆಯುವ ಕಡೆ ಕೆಳಗೆ ಕಲ್ಲು ಹಾಸಿದ್ದಾರೆ. ನನಗೆ ಈಜು ಬರದು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಹಳೆಯ ಸೀರೆಯ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ತನ್ನ ಮುಂಗೈಗೆ ಸುತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು.

ಹತ್ತು ಹೆಜ್ಜೆಗೆ ಉಸಿರು ಏರಿತು. ಅವ್ವನಿಗೂ ಹೀಗೇ ಆಗಿತ್ತೇ? ನಿಂತುಬಿಟ್ಟೆ.

"ಅಕ್ಕಾರ, ಮಾತಾಡ್ರಿ!"

"ಏನ ಮಾತಾಡ್ಲಿ?"

"ನಿನ್ನಿ ಸಾರಿಗೆ ಎರಡ ಸಲ ಉಪ್ಪು ಹಾಕಿದವರು ಯಾರು?"

"ನೀನ! ನಾ ಹಾಕಿದ ಮ್ಯಾಲೆ ನೀ ಹಾಕಿದಿ!"

"ಜಗಳಕ್ಕ ದಮ್ಮು ಐತಿ. ನಡೀರಿ ಮುಂದ."

ಬಿಸಿಲೇರಿದ ಮೇಲೆ ದಿನವೂ ಹೋದೆವು. ಎರಡು ಸುತ್ತು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಮೊಣಕಾಲು ಬಾತುಕೊಳ್ಳಲಿಲ್ಲ. ಹೆದರಿಕೆ ಮಾತ್ರ ಹಾಗೇ ಇತ್ತು. ಎದೆ ಬಡಿದರೆ ಹೆದರಿಕೆ, ಬಡಿತ ಕೇಳಿಸದಿದ್ದರೆ ಇನ್ನೂ ಹೆಚ್ಚು. ಒಮ್ಮೆ ಅದನ್ನು ಕೇಳುತ್ತ ಅವಳಿಗೆ ಉತ್ತರ ಕೊಡಲು ಮರೆತೆ. ಸೀರೆ ಎಷ್ಟು ಜೋರಾಗಿ ಎಳೆದಳೆಂದರೆ ಹಿಂದಕ್ಕೆ ವಾಲಿದೆ. ಅವಳ ಮುಂಗೈಯಲ್ಲಿ ಸೀರೆಯ ಕೆಂಪು ಬರೆ ಮೂಡಿತ್ತು. ಹೆದರಿಕೊಂಡು ಕುಳಿತವಳು ನಾನೊಬ್ಬಳೇ ಅಲ್ಲ ಎಂದು ತಿಳಿದದ್ದು ಆಗಲೇ.

ಯುಗಾದಿಯ ಹೊತ್ತಿಗೆ ನನಗೆ ನಲವತ್ತೇಳಾಯಿತು. ಒಂದು ದಿನ ಹನ್ನೆರಡು ಸುತ್ತು ಮುಗಿಸಿ, ಏರು ದಾರಿಯಲ್ಲಿ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತೆ.

"ಅಕ್ಕಾರ, ಮಾತಾಡ್ರಿ."

"ಸ್ವಲ್ಪ ತಡಿ" ಎಂದೆ.

ಅವ್ವನ ಕತೆ ಅವಳಿಗೆ ಗೊತ್ತಿತ್ತು. ಮುಖ ಬಿಳಿಚಿಕೊಂಡಿತು. ನಾನೂ ನನ್ನ ಮಾತು ಕೇಳಿಸಿಕೊಂಡೆ. ಎದೆ ಬಡಿಯುತ್ತಿತ್ತು. ಎಣಿಸುತ್ತ ಕುಳಿತೆ. ನಿಧಾನಕ್ಕೆ ಇಳಿಯಿತು. ಬಾಗಿಲ ಚೌಕಟ್ಟನ್ನು ಹಿಡಿಯದೆ ಎದ್ದು ನಿಂತೆ.

"ಉಪ್ಪು ಹಾಕಿದಾಕಿ ನೀನ" ಎಂದೆ.

ಅವಳು ನಗಲಿಲ್ಲ. ಒದ್ದೆ ಸೀರೆಯ ತುದಿ ಇನ್ನೂ ಅವಳ ಮುಂಗೈಯಲ್ಲೇ ಇತ್ತು.